ಶಾಂತಕುಮಾರಿಗೆ ಕ್ಯಾಸೆಟ್ ಕೊಟ್ಟವನು

ಎಂಬತ್ತಾರನೇ ಇಸವಿಯಲ್ಲಿ ಚಳ್ಳಕೆರೆಯಿಂದ ಬಳ್ಳಾರಿಯವರೆಗೆ ನನ್ನಂಥ ಕಿವಿ ಇನ್ನೊಬ್ಬನಿಗಿರಲಿಲ್ಲ. ನನ್ನ ಅಂಗಡಿಗೆ ದಿನಕ್ಕೆ ಸಾವಿರ ಜನ ಕ್ಯಾಸೆಟ್ಟಿಗೆ ಹಾಡು ತುಂಬಿಸಲು ಬರುತ್ತಿದ್ದರು. ಆಗ ಊರನ್ನೇ ಕುಣಿಸಿದ ಒಂದು ಪಾಪ್ ಆಲ್ಬಮ್ಮನ್ನು ಮಾತ್ರ ನಾನು ಕೇಳಲೇ ಇಲ್ಲ. ಗಿರಾಕಿ ಬೇಡಿದರೆ ಸದ್ದು ಪೂರ್ತಿ ಇಳಿಸಿಟ್ಟು ತುಂಬಿಸಿಕೊಡುತ್ತಿದ್ದೆ. ತಗಡು ಬಡಿಯುವ ಹಾಡಿಗೆ ನನ್ನ ಕಿವಿ ಕೊಡುವುದುಂಟೇ?

ಮೊನ್ನೆ ಹೆಂಡತಿ ಶಾಂತಕುಮಾರಿಯ ರೇಷ್ಮೆ ಸೀರೆಗಳ ನಡುವೆ ಅದೇ ಆಲ್ಬಮ್ಮಿನ ಕ್ಯಾಸೆಟ್ ಸಿಕ್ಕಿತು. ಮೊಳಕಾಲ್ಮೂರಿನ ಮಗ್ಗಗಳೆಲ್ಲ ನನ್ನೆದೆಯಲ್ಲಿ ಒಟ್ಟಿಗೆ ಬಡಿದವು.

"ಯಾವನೇ ಇದನ್ನ ಕೊಟ್ಟೋನು?"

"ಮದ್ವೆಗೆ ಮುಂಚಿಂದು ಕಣ್ರಿ. ಕೊಟ್ಟೋನು ನೋಡಾಕೆ ಚೆನ್ನಾಗಿದ್ದ."

"ಹೆಸರು ಹೇಳು. ನಿಮ್ಮ ತವರುಬೀದಿಯ ಪಾಲಾಕ್ಷನಾ?"

"ಹಾಕಿ ಕೇಳ್ರಿ, ಗೊತ್ತಾಗ್ತೈತೆ."

ಹಳೇ ಟೇಪ್ ರೆಕಾರ್ಡರ್ ತಂದು, ಕಳ್ಳನನ್ನು ಹಿಡಿಯುವ ಪೊಲೀಸನಂತೆ ಕೂತೆ. ಪ್ರತಿ ಹಾಡಿನಲ್ಲೂ ಪಾಲಾಕ್ಷ ಅಡಗಿದ್ದಾನೆಂದೇ ಅನಿಸಿತು. ಆದರೆ ಮೂರನೇ ಹಾಡಿಗೆ ಕಾಲು ತಾನಾಗಿ ತಾಳ ಹಾಕಿತು. ನಾಲ್ಕನೆಯದಕ್ಕೆ ಅನುಮಾನ ಪಡುವುದೇ ಮರೆತುಹೋಯಿತು. ಐದನೆಯದು ಮುಗಿದದ್ದೇ ಗಂಡುದನಿಯೊಂದು ಗುಡುಗಿತು: "ಇದನ್ನು ತುಂಬಿಸಿದವರು ಚಳ್ಳಕೆರೆಯ ಏಕೈಕ ಧ್ವನಿಸಾಮ್ರಾಟರು!"

ಆ ದನಿ ನನ್ನದೇ. ಆಗ ಪ್ರತಿ ಕ್ಯಾಸೆಟ್ಟಿನಲ್ಲೂ ಅಂಗಡಿಯವರು ಹೀಗೆ ತಮ್ಮ ಜಾಹೀರಾತು ಸೇರಿಸುತ್ತಿದ್ದರು.

"ಇದನ್ನ ತುಂಬಿಸ್ಕೊಳ್ಳಾಕೆ ಅಪ್ಪನ ಜೊತೆ ನಿಮ್ಮಂಗಡಿಗೆ ಬಂದಿದ್ದೆ. ನೀವು ತಲೆ ಎತ್ತಿನೂ ನೋಡ್ಲಿಲ್ಲ, ಸಾಮ್ರಾಟರು!" ಎಂದಳು.

ನಾನು ಸೋಲುವವನೇ? "ಇನ್ನೊಂದು ಸೈಡಿನಾಗೆ ಯಾವನವನೋ ನೋಡ್ಬೇಕು," ಎಂದು ಮುಖ ಗಂಟಿಕ್ಕಿ, ಕ್ಯಾಸೆಟ್ ತಿರುಗಿಸಿ ಹಾಕಿ, ಸದ್ದು ಪೂರ್ತಿ ಏರಿಸಿದೆ.