ಕಚ್ಚಿದ ಉಗುರಿನ ಕೈಮರ

ಅಕ್ಕ ಕೇಳಿದ್ದು ಒಂದು ಬೋರ್ಡು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಡೆದ ಅಧ್ವಾನಕ್ಕೆಲ್ಲ ಅವಳನ್ನೇ ಹೊಣೆ ಮಾಡುವ ಆಸೆ ನನಗೆ ಆಗಾಗ ಬರುತ್ತದೆ.

ಅಕ್ಕ ಕೆರೆಯಲ್ಲಿ ಪ್ರವಾಸಿಗರಿಗೆ ದೋಣಿ ನಡೆಸುತ್ತಾಳೆ. ಕೆರೆ ಚೆಂದವಾಗಿಯೇ ಇದೆ, ಆದರೆ ಬಸ್ಸು ನಿಲ್ಲುವ ಸರ್ಕಲ್ಲಿನಿಂದ ಕಾಣುವುದಿಲ್ಲ. ಟೈರ್ ಅಂಗಡಿಯ ಪಕ್ಕದ ಓಣಿಗೆ ತಿರುಗಿ ಒಂದಿಷ್ಟು ನಡೆಯಬೇಕು. ಬಸ್ಸಿಳಿದವರು ಹಳೇ ಟೈರುಗಳ ರಾಶಿ ನೋಡಿ, ಇದೇನಪ್ಪಾ ಇಲ್ಲಿ ನೋಡುವಂಥದ್ದು ಎಂದುಕೊಂಡು ಮುಂದಿನ ಬಸ್ಸು ಹತ್ತುತ್ತಿದ್ದರು. ಈ ಸೀಸನ್ನಿನಲ್ಲೂ ಜನ ಬರದಿದ್ದರೆ ದೋಣಿಕಟ್ಟೆಗೆ ಬೀಗ ಹಾಕುವುದೇ ಎಂದು ಪ್ರವಾಸೋದ್ಯಮ ಕಚೇರಿಯ ಸಾಹೇಬರು ಹೇಳಿಬಿಟ್ಟಿದ್ದರು. ದಾರಿ ತೋರಿಸಲು ಏನಾದರೂ ನಿಲ್ಲಿಸಿ ಎಂದು ಅವರ ಮೇಜಿನ ಮುಂದೆ ಪಟ್ಟು ಹಿಡಿದು ಕೂತವಳು ಅಕ್ಕ. ನನ್ನ ತಮ್ಮನಿಗೆ ಅದೇ ಕೆಲಸ ಎಂದವಳೂ ಅವಳೇ.

"'ಕೆರೆ' ಅಂತ ಬರಿ, ಪಕ್ಕದಲ್ಲಿ ಒಂದು ಬಾಣ ಹಾಕು. ಅಷ್ಟೇ ಸಾಕು ಕಣೋ" ಅಂದಳು ಫೋನಿನಲ್ಲಿ.

"ಅಕ್ಕಾ, ನಾನು ಬೋರ್ಡು ಬರೆಯೋನಲ್ಲ. ಮೂರು ಆಯಾಮದ ಮಾರ್ಗಸೂಚಕ ವಿನ್ಯಾಸ ಮಾಡೋನು."

"ಅದರಲ್ಲೂ ಬಾಣ ಇರುತ್ತಲ್ವಾ?"

ಇಂಥ ಪ್ರಶ್ನೆಗೆ ಉತ್ತರಿಸುವುದು ನನ್ನ ಘನತೆಗೆ ಕಡಿಮೆ. ಹಾಗೆ ನೋಡಿದರೆ ನನ್ನ ಘನತೆ ಆಗ ಒಂದು ಜಿರಾಫೆಯ ಮೇಲೆ ನಿಂತಿತ್ತು. ಮೃಗಾಲಯವೊಂದಕ್ಕೆ ನಾನು ಮಾಡಿಕೊಟ್ಟಿದ್ದ ಜಿರಾಫೆ ಅದು, ಕತ್ತು ತಿರುಗಿದ ಕಡೆ ಪ್ರಾಣಿಗಳ ಅಂಗಳ. ಗಾಳಿ ಬೀಸಿ ಕತ್ತು ಸಡಿಲವಾದ ಮೇಲೆ ಅದು ಶೌಚಾಲಯದ ಕಡೆ ನೋಡುತ್ತಿದೆ ಎಂದು ಕೇಳಿದ್ದೇನೆ. ನಾನು ಹೋಗಿ ನೋಡಿಲ್ಲ.

ಕೆರೆಗೆ ಏನು ಮಾಡಲಿ ಎಂದು ತಲೆ ಕೆಡಿಸಿಕೊಂಡು ಕೊನೆಗೆ ಕೈಯೊಂದನ್ನು ಮಾಡುವುದೆಂದು ತೀರ್ಮಾನಿಸಿದೆ. ಆಳಿಗಿಂತ ಎತ್ತರದ ಕೈ, ತೋರುಬೆರಳು ಚಾಚಿದ್ದು, ಉಳಿದವು ಮಡಚಿದ್ದು. ಮಾದರಿಗೆ ಯಾರ ಕೈ? ಹೆಚ್ಚು ಯೋಚಿಸಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಪ್ಲಾಸ್ಟರ್ ಕಲಸಿ ನನ್ನದೇ ಬಲಗೈಯನ್ನು ಅದರಲ್ಲಿ ಮುಳುಗಿಸಿದೆ. ಕೈ ಸಿಕ್ಕಿಹಾಕಿಕೊಂಡು, ಅದನ್ನು ಬಿಡಿಸಲು ನನ್ನ ಹೆಂಡತಿಯೇ ಸೌಟಿನ ಹಿಡಿಯಿಂದ ಕುಟ್ಟಬೇಕಾಯಿತು.

"ಉಂಡ ತಟ್ಟೆ ಎತ್ತದ ಕೈ, ಊರಿಗೆಲ್ಲ ದಾರಿ ತೋರಿಸುತ್ತಂತೆ" ಎಂದಳು, ಒಂದೊಂದು ಏಟಿಗೂ ಒಂದೊಂದು ಪದದಂತೆ.

ಅಚ್ಚಿಗೆ ಮುಲಾಜಿಲ್ಲ. ಚಿಕ್ಕಂದಿನಿಂದ ನನಗೆ ಉಗುರು ಕಚ್ಚುವ ಚಟ. ಕೈಯನ್ನು ಥರ್ಮಾಕೋಲಿನಲ್ಲಿ ಹಿಗ್ಗಿಸಿ, ಫೈಬರ್ ಹಚ್ಚಿ, ಒಳಗೆ ಕಬ್ಬಿಣದ ಪೈಪು ಕೊಟ್ಟು ಎತ್ತಿ ನಿಲ್ಲಿಸಿದಾಗ, ತೋರುಬೆರಳಿನ ತುದಿಯಲ್ಲಿ ತಟ್ಟೆಯಗಲದ ಉಗುರು, ಅದರ ಅಂಚು ಇಲಿ ತಿಂದ ರೊಟ್ಟಿಯ ಹಾಗೆ. ಸಾಹೇಬರು ಬಗ್ಗಿ ನೋಡಿ ಇದೇನು ಎಂದರು. "ಸಹಜ ಅಂಚು ಸರ್, ಬೇಕಂತಲೇ ಹಾಗೆ ಬಿಟ್ಟಿದ್ದು" ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು. ಅಕ್ಷರ ಬೇಡವೇ ಎಂದು ಕೇಳಿದ್ದಕ್ಕೆ, ರೂಪವೇ ಮಾತಾಡಬೇಕು ಎಂದೆ. ಅದಕ್ಕೂ ತಲೆಯಾಡಿಸಿದರು. ನನ್ನಂಥವರು ಬದುಕುವುದೇ ಇಂಥ ತಲೆಗಳಿಂದ.

ಸರ್ಕಲ್ಲಿನಲ್ಲಿ ಕೈ ನಿಂತಿತು. ಬಸ್ಸಿಳಿದವರು ಟೈರುಗಳ ಕಡೆ ನೋಡಲೇ ಇಲ್ಲ, ನೇರ ಕೈಯ ಹತ್ತಿರ ಬಂದರು. ಹೆಬ್ಬೆರಳ ಮೇಲೆ ಕೂತರು, ಮಕ್ಕಳನ್ನು ತೋರುಬೆರಳಿಗೆ ಜೋತುಬೀಳಿಸಿದರು. ಒಬ್ಬರು ಉಗುರಿಗೆ ಮೂಗು ತಾಗಿಸಿ ನಿಂತರೆ ಇನ್ನೊಬ್ಬರು ಫೋಟೊ ತೆಗೆದರು. ನಾನು ಎದುರಿನ ಕಟ್ಟೆಯ ಮೇಲೆ ಕೂತು ಸಂಜೆಯವರೆಗೆ ಅದನ್ನೇ ನೋಡಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನನ್ನ ಹೆಗ್ಗಣವಂತೂ ಊರಿಗೆಲ್ಲ ಮುದ್ದಾಗಿತ್ತು. ಅಕ್ಕನಿಗೆ ಫೋನು ಮಾಡಿದೆ.

"ಹೇಗಿದೆ ಅಕ್ಕಾ ಜನ? ಸಂಭಾಳಿಸೋಕೆ ಆಗ್ತಿದೆಯಾ?"

"ಯಾವ ಜನ?"

"ಕೆರೆಗೆ ಬಂದಿರೋ ಜನ."

"ಬೆಳಗ್ಗೆ ಒಬ್ಬ ಬಂದಿದ್ದ. ಟೈರ್ ಅಂಗಡಿಯವನು. ನಿಮ್ಮ ತಮ್ಮನ ಕೈಯಿಂದ ನನ್ನ ಅಂಗಡಿಗೆ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂತ ಬೈದು ಹೋದ."

ಆಗ ನನಗೆ ಹೊಳೆಯಿತು. ಬೆಳಗ್ಗೆಯಿಂದ ನೂರಾರು ಜನ ಆ ಬೆರಳನ್ನು ಮುಟ್ಟಿ ನೋಡಿದ್ದರು. ಅದು ತೋರಿಸುತ್ತಿದ್ದ ಕಡೆ ಯಾರೂ ತಿರುಗಿಯೂ ನೋಡಿರಲಿಲ್ಲ. ಫೋಟೊ ಮುಗಿದ ಕೂಡಲೇ ಮುಂದಿನ ಬಸ್ಸು ಹತ್ತಿ ಹೋಗಿದ್ದರು.

ತಪ್ಪು ತಿದ್ದಲು ಹೊರಟೆ. ಮಣಿಕಟ್ಟಿನ ಮೇಲೆ 'ಕೆರೆ ಈ ಕಡೆ' ಎಂದು ಉಬ್ಬು ಅಕ್ಷರ ಕೂರಿಸಿದೆ. ಜನ ಅದಕ್ಕೆ ಚೀಲ ನೇತುಹಾಕಿದರು. ಅಷ್ಟರಲ್ಲಿ ಸಾಹೇಬರು ಕರೆಸಿ, ಮುಂದಿನ ಊರಿನವರೂ ಒಂದು ಕೈ ಕೇಳುತ್ತಿದ್ದಾರೆ, ಈ ಕೈಯನ್ನು ನಮ್ಮ ನೋಡಲೇಬೇಕಾದ ಜಾಗಗಳ ಪಟ್ಟಿಯಲ್ಲಿ ಮೊದಲನೆಯದಾಗಿ ಸೇರಿಸಿದ್ದೇವೆ ಎಂದು ಕೈಕುಲುಕಿದರು. ಕೆರೆ ಎಷ್ಟನೆಯದು ಎಂದು ಕೇಳಿದೆ. ಅದನ್ನು ತೆಗೆದಿದ್ದೇವೆ, ಜನ ಹೋಗುತ್ತಿಲ್ಲವಲ್ಲ ಎಂದರು.

ನಾಚಿಕೆಯ ಮಾತು ಹೇಳುತ್ತೇನೆ. ಮೊದಲ ಕ್ಷಣ ನಾನು ಉಬ್ಬಿಹೋದೆ. ಎರಡನೆಯ ಕ್ಷಣಕ್ಕೆ ಅಕ್ಕನ ನೆನಪಾಯಿತು. ಅವಳು ಆಗಲೇ ನನ್ನ ಫೋನು ಎತ್ತುವುದನ್ನು ಬಿಟ್ಟಿದ್ದಳು. ದೋಣಿಗಳನ್ನು ದಡಕ್ಕೆಳೆದು ಬೋರಲು ಹಾಕಿದ್ದಾಳೆ ಎಂದು ಹೆಂಡತಿಯಿಂದ ತಿಳಿಯಿತು.

"ಸರ್, ಕೈಯನ್ನ ಕೆರೆ ದಡಕ್ಕೆ ಸಾಗಿಸೋಣ" ಎಂದೆ.

"ಹುಚ್ಚಾ ನಿಮಗೆ? ಜನ ಬರೋದೇ ಅದನ್ನ ನೋಡೋಕೆ."

"ಅದಕ್ಕೇ ಸರ್. ಅಲ್ಲಿಟ್ಟರೆ ಅಲ್ಲಿಗೂ ಬರ್ತಾರೆ. ಸರ್ಕಲ್ಲಲ್ಲಿ ಬಸ್ಸು ತಿರುಗಿಸೋಕೂ ಜಾಗ ಆಗುತ್ತೆ."

ಬಸ್ಸಿನವರಿಂದ ದಿನವೂ ದೂರು ಕೇಳಿ ಅವರೂ ಬೇಸತ್ತಿದ್ದರು. ಒಪ್ಪಿದರು, ಆದರೆ ಸರ್ಕಲ್ಲಿಗೆ ಒಂದು ಬೋರ್ಡು ಬೇಕೆಂದರು. ನಾನೇ ಬರೆದೆ, ಸಪಾಟು ತಗಡಿನ ಮೇಲೆ, ಒಂದು ಬಾಣದೊಂದಿಗೆ. ಅಕ್ಕ ಮೊದಲ ದಿನ ಕೇಳಿದ್ದೇ ಅದು. ಒಂದೇ ವ್ಯತ್ಯಾಸವೆಂದರೆ ಸಾಹೇಬರ ಅಪ್ಪಣೆಯಂತೆ ಅದರಲ್ಲಿ 'ಕೆರೆ' ಎಂದಿರಲಿಲ್ಲ, 'ಕೈ' ಎಂದಿತ್ತು.

ಕೆರೆ ದಡದಲ್ಲಿ ಬೆರಳು ದೋಣಿಕಟ್ಟೆಯನ್ನು ತೋರಿಸುವಂತೆ ನಕ್ಷೆ ಬರೆದಿದ್ದೆ. ಅದರಂತೆ ಕಾಂಕ್ರೀಟಿನಲ್ಲಿ ಬೋಲ್ಟುಗಳನ್ನು ನಾನೇ ನಿಂತು ಕೂರಿಸಿದ್ದೆ. ಕ್ರೇನು ಕೈಯನ್ನು ಇಳಿಸಿತು, ನಟ್ಟು ಬಿಗಿಯಾಯಿತು, ಬೆರಳು ನೀರಿನಾಚೆ ಎದುರು ದಡದ ಕಡೆ ಚಾಚಿಕೊಂಡಿತು. ಅಲ್ಲಿ ಜೊಂಡು, ಕೆಸರು ಮತ್ತು ಬಿದ್ದ ಒಂದು ಮರ ಬಿಟ್ಟರೆ ಏನೂ ಇಲ್ಲ.

"ಏನಪ್ಪಾ ಇದು, ತಿರುಗುಮುರುಗು ಇಟ್ಟಿದ್ದೀಯ!" ಎಂದು ಕ್ರೇನಿನವನ ಮೇಲೆ ಕೂಗಾಡಿದೆ.

ಅವನು ಕೆಳಗಿಳಿದು ನನ್ನ ಕೈಯಲ್ಲಿದ್ದ ನಕ್ಷೆಯನ್ನು ತೆಗೆದುಕೊಂಡು, ತಿರುಗಿಸಿ, ಮತ್ತೆ ನನ್ನ ಕೈಗೇ ಇಟ್ಟ. ಬೋಲ್ಟು ಕೂರಿಸಿದ ದಿನವೂ ನಾನು ಅದನ್ನು ತಲೆಕೆಳಗಾಗಿಯೇ ಹಿಡಿದಿದ್ದೆನೆಂದು ಕಾಣುತ್ತದೆ. ಅವನು ಕ್ರೇನು ಹತ್ತಿ ಹೋದ.

ಅಕ್ಕ ಟಿಕೆಟ್ ಗೂಡಿನ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅವಳ ಅನ್ನಕ್ಕೆ ಕಲ್ಲು ಹಾಕಿದ್ದು ಸಾಲದೆಂದು ಆ ಕಲ್ಲನ್ನು ಅವಳ ಬಾಗಿಲಿಗೇ ತಂದು ನಿಲ್ಲಿಸಿದ್ದೆ. ನಿಜವಾಗಿಯೂ ಅಳು ಬಂತು. ಉಗುರು ಕಚ್ಚುತ್ತಾ ನಿಂತೆ.

ಆಗ ಬೋರ್ಡು ನೋಡಿಕೊಂಡು ಒಂದು ಸಂಸಾರ ಬಂತು. ಫೋಟೊ ಆಯಿತು. ಹಿಂದಿರುಗಲು ಅಲ್ಲಿ ಬಸ್ಸಿರಲಿಲ್ಲ, ಎದುರಿಗೆ ನೀರಿತ್ತು. ತಾಯಿ ಬೆರಳ ನೇರಕ್ಕೆ ಕಣ್ಣು ಕಿರಿದು ಮಾಡಿ ನೋಡಿ, "ಆ ಕಡೆ ಏನಿದೆ?" ಎಂದು ಕೇಳಿದರು.

"ಏನೂ ಇಲ್ಲಮ್ಮ, ನನ್ನದೇ ತಪ್ಪು, ನಕ್ಷೆ..." ಎನ್ನುವಷ್ಟರಲ್ಲಿ ಅಕ್ಕ ನನ್ನ ಕಾಲು ತುಳಿದಳು.

"ಇಲ್ಲಿಂದ ಕಾಣಲ್ಲ. ದೋಣೀಲಿ ಕೂತ್ಕೊಳ್ಳಿ, ಹೋಗಿ ನೋಡೋಣ" ಎಂದಳು.

ಬೋರಲು ಹಾಕಿದ್ದ ದೋಣಿಗಳಲ್ಲಿ ಒಂದು ನೀರಿಗಿಳಿಯಿತು, ಅವರು ಹೋಗಿ ಬಂದರು. ಬಿದ್ದ ಮರದ ಮೇಲೆ ಆಮೆಗಳು ಸಾಲಾಗಿ ಬಿಸಿಲು ಕಾಯುತ್ತಿದ್ದವಂತೆ. ಬೆರಳು ತೋರಿಸುವುದು ಅದನ್ನೇ ಎಂದು ಮಕ್ಕಳು ಮುಂದಿನವರಿಗೆ ಹೇಳಿದರು. ಮುಂದಿನವರು ಆಮೆ ಕಾಣದೆ ಕೊಕ್ಕರೆ ನೋಡಿ ಬಂದು, ಅದೇ ಇರಬೇಕು ಎಂದರು. ಎರಡನೆಯ ದೋಣಿ ನೀರಿಗಿಳಿಯಿತು, ಆಮೇಲೆ ಮೂರನೆಯದು.

ಸೀಸನ್ ಮುಗಿಯಿತು. ಸಾಹೇಬರು ಬೀಗದ ಮಾತೆತ್ತಲಿಲ್ಲ, ಬದಲಿಗೆ ತಾವೇ ಮನೆಯವರ ಜೊತೆ ಬಂದು ದೋಣಿ ಹತ್ತಿದರು. ನಾನು ಅಕ್ಕನ ಹತ್ತಿರ ಹೋಗಿ ಮೆಲ್ಲಗೆ, "ನಾಳೆ ಕ್ರೇನು ಕರೆಸಿ ಸರಿಯಾಗಿ ತಿರುಗಿಸ್ತೀನಿ ಅಕ್ಕಾ" ಎಂದೆ.

"ಮುಟ್ಟಿ ನೋಡು, ಕೈ ಮುರೀತೀನಿ. ಯಾವ ಕೈ ಅಂತ ಕೇಳಬೇಡ" ಎಂದಳು. ಎಷ್ಟೋ ದಿನಗಳ ಮೇಲೆ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು. "ಸುಮ್ನೆ ನಿಂತ್ಕೋಬೇಡ, ಬಂದು ದೋಣಿ ತಳ್ಳು."

ಪ್ಯಾಂಟು ಮಡಚಿ ನೀರಿಗಿಳಿದೆ. ಸಾಹೇಬರ ಮಗಳು ದೊಡ್ಡ ಬೆರಳಿನತ್ತ ನೋಡುತ್ತಾ, ಆ ಉಗುರು ಯಾಕೆ ಹಾಗಿದೆ ಎಂದು ಕೇಳಿದಳು. ಸಹಜ ಅಂಚು ಎಂದು ಹೇಳಲು ಸಾಹೇಬರು ಬಾಯಿ ತೆರೆದರು.

"ಅದು ಇವನ ಕೈ ಕಣಮ್ಮ, ನನ್ನ ತಮ್ಮಂದು" ಎಂದಳು ಅಕ್ಕ, ಹುಟ್ಟು ನೀರಿಗೆ ಹಾಕುತ್ತಾ. "ಚಿಕ್ಕವನಿದ್ದಾಗ ದಾರಿ ತಪ್ಪಿಸಿಕೊಂಡು ಎಲ್ಲಾದ್ರೂ ನಿಂತಿರ್ತಿದ್ದ, ಹೆದರ್ಕೊಂಡು ಉಗುರು ಕಚ್ತಾ. ನಾನೇ ಹುಡುಕ್ಕೊಂಡು ಹೋಗಿ ಕರ್ಕೊಂಡು ಬರ್ತಿದ್ದೆ."

ದೋಣಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದ ನಾನು ಬಾಯಿಯಿಂದ ಬೆರಳು ತೆಗೆದು ದೋಣಿ ತಳ್ಳಿದೆ.