ಡ್ರೈವರಣ್ಣ ಸುಟ್ಟ ಕ್ಯಾಲೊರಿ

“ಆರು ತಿಂಗಳಲ್ಲಿ ತೂಕ ಇಳಿಸಿ. ಇಲ್ಲದಿದ್ರೆ ಬಸ್ಸು ಓಡಿಸೋಕೆ ನಾನು ಒಪ್ಪಿಗೆ ಕೊಡೋಲ್ಲ. ನಿಮ್ಮ ಬಿಪಿ ನೋಡಿದ್ರೆ ನನಗೇ ಭಯ ಆಗುತ್ತೆ,” ಎಂದರು ಡಿಪೋದ ಡಾಕ್ಟರು.

ಡ್ರೈವರಣ್ಣನ ಅಪ್ಪನಿಗೂ ಬಿಪಿ ಏರಿಯೇ ಲಕ್ವ ಹೊಡೆದಿತ್ತು. ಸೊಟ್ಟಗಾದ ಆ ಬಾಯಿ, ತುತ್ತಿಗಾಗಿ ಇನ್ನೊಬ್ಬರ ಕೈ ನೋಡುತ್ತಿದ್ದ ಆ ಕಣ್ಣು ನೆನಪಾಗಿ ಅವನಿಗೆ ಆ ರಾತ್ರಿ ನಿದ್ದೆಯೇ ಹತ್ತಲಿಲ್ಲ.

ಮರುದಿನದಿಂದಲೇ ಡಿಪೋ ಹಿಂದಿನ ಮೈದಾನದಲ್ಲಿ ಬಿರುಸಿನ ನಡಿಗೆ ಶುರುವಾಯಿತು. ಮಗಳು ಕೊಡಿಸಿದ ಸ್ಮಾರ್ಟ್ ಕೈಗಡಿಯಾರ ದಿನವೂ ಅವನು ಆರುನೂರು ಕ್ಯಾಲೊರಿ ಸುಟ್ಟಿದ್ದಾನೆಂದು ತೋರಿಸುತ್ತಿತ್ತು. ಅದನ್ನು ನೋಡಿದ್ದೇ ತಡ, ಅವನು ಕ್ಯಾಂಟೀನಿಗೆ ನಡೆದು ಬೆಣ್ಣೆ ಬನ್ನು, ಸಿಹಿ ಚಹಾ ತರಿಸಿಕೊಳ್ಳುತ್ತಿದ್ದ.

“ಗುರುವೇ, ಇದ್ಯಾವ ಸೀಮೆ ಪಥ್ಯ?” ಎಂದು ಕಂಡಕ್ಟರ್ ನಕ್ಕ.

“ಬೆವರು ಸುರಿಸಿದ್ದೀನಪ್ಪ! ಸುಟ್ಟಷ್ಟು ತುಂಬಿಸ್ಕೊಂಡ್ರೆ ತಪ್ಪೇನು?”

ಎರಡು ತಿಂಗಳ ನಂತರ ತೂಕ ನೋಡಿದರೆ ಇಳಿಯುವ ಬದಲು ಏರಿತ್ತು. ಡ್ರೈವರಣ್ಣ ಹೆದರಿ ತಿಂಡಿ ಬಿಟ್ಟ, ಮಧ್ಯಾಹ್ನದ ಊಟವನ್ನೂ ಬಿಟ್ಟ. ನಡಿಗೆ ಹೋಗಿ ಓಟವಾಯಿತು.

“ಒಂದು ತುತ್ತಾದ್ರೂ ತಿನ್ರೀ,” ಎಂದು ಹೆಂಡತಿ ಗೋಗರೆದಳು.

“ಸುಮ್ನಿರೇ. ಅಪ್ಪನ ಥರ ಮಲಗಿಬಿಟ್ರೆ ನೋಡ್ಕೋತೀಯಾ?”

ಒಂದು ಬೆಳಗ್ಗೆ ಬಸ್ಸಿನ ತುಂಬ ಶಾಲೆಯ ಮಕ್ಕಳು. ಸೇತುವೆಯ ಮೇಲೆ ಅವನ ಕೈ ನಡುಗತೊಡಗಿತು, ಕಿವಿಯಲ್ಲಿ ಗುಂಯ್‌ಗುಟ್ಟಿತು, ರಸ್ತೆಗೆ ಕಪ್ಪು ಪರದೆ ಎಳೆದಂತಾಯಿತು. ಕಂಡಕ್ಟರ್ “ಗುರುವೇ!” ಎಂದು ಕಿರುಚಿದ. ಅವನು ಜೀವ ಬಿಗಿಹಿಡಿದು ಬ್ರೇಕ್ ಒತ್ತಿದ. ಬಸ್ಸು ಸೇತುವೆಯ ಕಂಬಿಗೆ ಉಜ್ಜಿಕೊಂಡು ನಿಂತಿತು. ಕೆಳಗೆ ನೀರು. ಹಿಂದೆ ಮಕ್ಕಳ ಅಳು.

ಪುಣ್ಯಕ್ಕೆ ಯಾರಿಗೂ ಏನೂ ಆಗಿರಲಿಲ್ಲ. ಡ್ರೈವರಣ್ಣನನ್ನು ಆಸ್ಪತ್ರೆಗೆ ಸೇರಿಸಿದರು. ಅಲ್ಲೇ ನರ್ಸ್ ಆಗಿದ್ದ ಅವನ ತಂಗಿ ಪಕ್ಕದಲ್ಲಿ ಕೂತು ಎಲ್ಲ ಕೇಳಿಸಿಕೊಂಡಳು.

“ಅಣ್ಣಾ, ಗಡಿಯಾರ ಹೇಳೋದು ಬರೀ ಅಂದಾಜು. ಆರುನೂರು ಅಂದ್ರೆ ಮುನ್ನೂರೇ ಇರಬಹುದು. ನೀನು ಸುಮ್ನೆ ಕೂತಿದ್ರೂ ಸುಡ್ತಿದ್ದದ್ದೂ ಅದರಲ್ಲಿ ಸೇರಿರಬಹುದು. ಅದನ್ನ ನಂಬಿ ಬನ್ನು ತಿಂದ್ರೆ, ಗಂಟೆಗಟ್ಟಲೆ ನಡೆದದ್ದು ಐದು ನಿಮಿಷದಲ್ಲಿ ವಾಪಸ್.”

“ಹಂಗಾದ್ರೆ ನಡೆಯೋದೇ ದಂಡ ಅನ್ನು.”

“ಯಾರು ಹೇಳಿದ್ದು? ನಡೆದ್ರೆ ಬಿಪಿಗೂ ಒಳ್ಳೇದು, ಹೃದಯಕ್ಕೂ ಒಳ್ಳೇದು. ಆದ್ರೆ ನಡೆದದ್ದಕ್ಕೆ ಬಹುಮಾನ ಅಂತ ತಿನ್ನಬೇಡ. ಜಾಸ್ತಿ ದಣಿದು ನಿಜವಾಗ್ಲೂ ಹಸಿವಾದ್ರೆ ಒಂದು ಹಣ್ಣೋ, ಒಂದು ಹಿಡಿ ಕಾಳೋ ತಿನ್ನು. ಹೊಟ್ಟೆಗೆ ಹಾಕದೆ ಓಡಿದ್ರೆ ಏನಾಗುತ್ತೆ ಅಂತ ಇವತ್ತು ನೋಡಿದೆಯಲ್ಲ.”

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅಂದಳು: “ನಾಳೆಯಿಂದ ಮೂರು ಹೊತ್ತೂ ನಾನು ಬಡಿಸಿದಷ್ಟು ತಿನ್ನಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.” ಡ್ರೈವರಣ್ಣ ಒಪ್ಪಿ ತಲೆಯಾಡಿಸಿದ.

ಡಾಕ್ಟರು ಒಪ್ಪುವವರೆಗೂ ಅವನು ಸ್ಟಿಯರಿಂಗ್ ಮುಟ್ಟಲಿಲ್ಲ. ತೂಕ ನಿಧಾನವಾಗಿಯೇ ಇಳಿಯಿತು. ಬಿಪಿಯೂ ಹತೋಟಿಗೆ ಬಂತು. ಈಗ ಮತ್ತೆ ಬಸ್ಸು ಓಡಿಸುತ್ತಾನೆ. ಆದರೂ ಮಕ್ಕಳು ಹತ್ತಿದರೆ ಅವನ ಅಂಗೈ ಬೆವರುತ್ತದೆ.

ತೂಕ ಇಳಿಸಲು ಹೊರಟ ಅಕ್ಕಂದಿರೇ, ಅಣ್ಣಂದಿರೇ, ಯಂತ್ರ ತೋರಿಸಿದಷ್ಟನ್ನೂ ತಿಂದು ತೀರಿಸಬೇಡಿ. ಹೆದರಿ ಉಪವಾಸವೂ ಬೀಳಬೇಡಿ. ತಲೆ ಸುತ್ತಿದರೆ ಮಾಡುತ್ತಿರುವ ಕೆಲಸ ತಕ್ಷಣ ನಿಲ್ಲಿಸಿ, ಡಾಕ್ಟರನ್ನು ಕಾಣಿ. ಬಿಪಿಗೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುವವರು ಅವರನ್ನು ಮೊದಲೇ ಕೇಳಿಕೊಂಡು ಶುರುಮಾಡಿ. ನಿಮ್ಮನ್ನು ನಂಬಿ ಕೂತವರು ಹಿಂದೆ ಇದ್ದಾರೆ.