ಇಲಿಯಜ್ಜಿಯ ಬಾಗಿಲು

ಚಳ್ಳಕೆರೆಯ ತರಬೇತಿ ಭವನದಲ್ಲಿ ಉದ್ದಕ್ಕೂ ಜಮಖಾನ ಹಾಸಿ, ಅದರ ಮೇಲೆ ಚಿತ್ರಪುಸ್ತಕಗಳನ್ನು ಹರಡಿದ್ದರು. ಒಂದೊಂದು ಅಂಗನವಾಡಿಗೆ ಐದು ಪುಸ್ತಕ, ನಿಮ್ಮ ಮಕ್ಕಳಿಗೆ ಹಿಡಿಸುವಂಥದ್ದನ್ನು ನೀವೇ ಆರಿಸಿಕೊಳ್ಳಿ ಎಂದರು. ಎರಡು ಸಾವಿರದ ಆರನೇ ಇಸವಿಯ ಆಷಾಢ. ಮೊಳಕಾಲ್ಮೂರಿನ ಆಚೆಯ ಮುತ್ತುಗದಹಟ್ಟಿಯಿಂದ ಬಂದಿದ್ದ ಕಾರ್ಯಕರ್ತೆ ಸರ್ವಮಂಗಳಗೆ ನಾಲ್ಕು ಗಂಟೆಯ ಬಸ್ಸಿನದೇ ಯೋಚನೆ. ರಟ್ಟು ನೋಡಿ ನಾಲ್ಕನ್ನು ಎತ್ತಿಕೊಂಡಳು. ಐದನೆಯದನ್ನು ಮಾತ್ರ ತೆರೆದು ನೋಡಿದಳು.

ನೆಲದಡಿಯಲ್ಲೊಂದು ಮನೆ. ಗೂಡಿನಲ್ಲಿ ದೀಪ, ಮೂಲೆಯಲ್ಲಿ ಮಡಚಿಟ್ಟ ಕೌದಿ. ಸೆರಗು ಹೊದ್ದ ಮುದಿ ಇಲಿಯೊಂದು ಒಲೆಯ ಮುಂದೆ ಕೂತು ಪಾಯಸ ತಿರುವುತ್ತಿದೆ. ಮೇಲೆ ಬಯಲಿನಲ್ಲಿ ಪುಟ್ಟ ಹುಡುಗಿ ಬೋರಲು ಮಲಗಿ, ಬಿಲಕ್ಕೆ ಬಾಯಿಟ್ಟು ಕೂಗುತ್ತಿದ್ದಾಳೆ: ಅಜ್ಜೀ ಅಜ್ಜೀ, ಬಾಗಿಲು ತೆಗಿ, ಹೊಟ್ಟೆ ಹಸಿದಿದೆ, ಒಳಗೆ ಕರಿ. ಮುಂದಿನ ಪುಟದಲ್ಲಿ ಹುಡುಗಿ ಜರ್ರನೆ ಒಳಗೆ ಜಾರಿ ಅಜ್ಜಿಯ ಮಡಿಲಿಗೆ ಬೀಳುತ್ತಾಳೆ. ಪಕ್ಕದ ಊರಿನ ಕಾರ್ಯಕರ್ತೆ ಅದೇ ಪುಸ್ತಕಕ್ಕೆ ಕೈ ಹಾಕಿದಾಗ ಸರ್ವಮಂಗಳ ಬಿಡಲಿಲ್ಲ. "ಇದು ನಂದು" ಎಂದು ಎದೆಗೆ ಅವುಚಿಕೊಂಡಳು.

ಮಕ್ಕಳಿಗೆ ಆ ಪುಸ್ತಕ ಹುಚ್ಚು ಹಿಡಿಸಿತು. ಬಿಲದ ಪುಟ ಬಂದಾಗ ಇಪ್ಪತ್ಮೂರು ಮಕ್ಕಳೂ ಮುಷ್ಟಿಯನ್ನು ಬಿಲ ಮಾಡಿಕೊಂಡು ಅದರೊಳಗೆ ಕೂಗುತ್ತಿದ್ದವು. ಅವರಲ್ಲಿ ನಾಲ್ಕು ವರ್ಷದ ರಶ್ಮಿತಾಳಿಗೆ ಇಡೀ ಪುಸ್ತಕ ಬಾಯಿಪಾಠ. ಒಂದು ಪದ ತಪ್ಪಿದರೂ ಎದ್ದು ಬಂದು ಪುಟದ ಮೇಲೆ ಬೆರಳಿಟ್ಟು ತಿದ್ದುತ್ತಿದ್ದಳು.

ರಶ್ಮಿತಾಳ ತಾಯಿ ಉಚ್ಚಂಗೆಮ್ಮ ಕೂಲಿಗೆ ಹೋಗುವವಳು. ಮಗುವನ್ನು ಎತ್ತಿ ಆಡಿಸಿದ್ದೆಲ್ಲ ಅಜ್ಜಿ ಕೆಂಚಕ್ಕ. ನವರಾತ್ರಿ ಕಳೆದ ಮೇಲೆ ಆ ಕೆಂಚಕ್ಕ ಮೂರು ದಿನದ ಜ್ವರಕ್ಕೆ ತೀರಿಕೊಂಡಳು. ಹೊಲದ ಬದುವಿನಲ್ಲಿ ಗುಂಡಿ ತೆಗೆದು ಮಣ್ಣು ಮಾಡಿದರು. ಸರ್ವಮಂಗಳ ಹೋಗಿದ್ದಳು. ಮಾವನ ಸೊಂಟದ ಮೇಲೆ ಕೂತ ರಶ್ಮಿತಾ ಅಳದೆ, ಗುಂಡಿಯನ್ನೇ ನೋಡುತ್ತಿದ್ದುದು ಅವಳ ಕಣ್ಣಿಗೆ ಬಿದ್ದಿತ್ತು. ಅಜ್ಜಿ ದೇವರ ಹತ್ತಿರ ಹೋದಳು ಎಂದು ಯಾರೋ ಮಗುವಿಗೆ ಮೇಲೆ ಕೈ ತೋರಿಸಿದರು.

ವಾರದ ನಂತರ ರಶ್ಮಿತಾ ಅಂಗನವಾಡಿಗೆ ಮರಳಿದಳು. ದಿನಾ ಅದೇ ಪುಸ್ತಕ ಬೇಕು ಎಂದು ಹಟ. ಮಗು ಚೇತರಿಸಿಕೊಂಡಿತು ಎಂದು ಸರ್ವಮಂಗಳಗೆ ಖುಷಿಯಾಯಿತು. ಒಂದು ದಿನ ಮಗು ಕೇಳಿತು, "ಟೀಚರ್, ಒಳಗೆ ಅಜ್ಜಿಗೆ ಕೇಳಿಸ್ತೈತಾ?"

"ಕೇಳಿಸ್ತೈತೆ. ಜೋರಾಗಿ ಕರೀಬೇಕು ಅಷ್ಟೆ."

ಹಾಗೆಂದು ಸರ್ವಮಂಗಳ ಪುಟ ತಿರುವಿದ್ದಳು.

ಅದಾಗಿ ಮೂರನೆಯ ದಿನ. ಮಧ್ಯಾಹ್ನದ ಊಟವಾಗಿ ಮಕ್ಕಳು ಚಾಪೆಯ ಮೇಲೆ ಮಲಗಿದ್ದವು. ಸರ್ವಮಂಗಳ ತೂಕದ ಪಟ್ಟಿ ಬರೆಯುತ್ತಿದ್ದಳು. ಸಹಾಯಕಿ ಪಾತಮ್ಮ ಪಾತ್ರೆ ತೊಳೆದು ಒಳಗೆ ಬಂದವಳು ಬಾಗಿಲಲ್ಲೇ ನಿಂತಳು.

"ಟೀಚರ್, ರಶ್ಮಿತಾ ಎಲ್ಲಿ? ನಿಮ್ ಹತ್ರ ಐತೆ ಅನ್ಕಂಡಿದ್ದೆ."

"ನಾನು ನಿನ್ ಹತ್ರ ಅನ್ಕಂಡಿದ್ದೆ ಪಾತಕ್ಕ."

ಇಬ್ಬರೂ ಎಣಿಸಿದರು. ಇಪ್ಪತ್ತೆರಡು. ಹಿತ್ತಲು, ನೀರಿನ ತೊಟ್ಟಿ, ಬಾಗಿಲ ಹಿಂದೆ, ಎಲ್ಲೂ ಇಲ್ಲ. ಮನೆಗೆ ಹೋಗಿರಬಹುದು ಎನ್ನಲು ಉಚ್ಚಂಗೆಮ್ಮ ಶೇಂಗಾ ಕೀಳಲು ಹೋಗಿ ಮನೆಗೆ ಬೀಗ ಬಿದ್ದಿತ್ತು. ಸರ್ವಮಂಗಳಳ ಕಣ್ಣು ಗೋಡೆಯ ಹಲಗೆಯ ಮೇಲೆ ಹೋಯಿತು. ಅಲ್ಲಿ ನಾಲ್ಕೇ ಪುಸ್ತಕಗಳಿದ್ದವು.

ಇಲಿಯಜ್ಜಿಯ ಪುಸ್ತಕ ಇರಲಿಲ್ಲ.

"ಪಾತಕ್ಕ, ಈ ಕಡೆ ಬಿಲ ಎಲ್ಲೈತೆ? ದೊಡ್ಡ ಬಿಲ?"

ಪಾತಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹಿತ್ತಲಿನ ಕಡೆ ಕೈ ತೋರಿಸಿದಳು. "ದೊಡ್ಡಪಾಲಯ್ಯನ ಬೋರು" ಎಂದಳು.

ಅಂಗನವಾಡಿಯ ಹಿಂದೆ ಎರಡು ಹೊಲ ದಾಟಿದರೆ ದೊಡ್ಡಪಾಲಯ್ಯ ಹೋದ ವರ್ಷ ಕೊರೆಸಿದ ಕೊಳವೆಬಾವಿ. ನೀರು ಬರಲಿಲ್ಲವೆಂದು ಪೈಪು ಕಿತ್ತುಕೊಂಡು, ಬಾಯಿಗೆ ಗೋಣಿಚೀಲ ಹಾಸಿ ಕಲ್ಲು ಹೇರಿದ್ದ. ಮಳೆಗೆ ಸುತ್ತಲಿನ ಮಣ್ಣು ಕುಸಿದು ಬಾಯಿ ಅಗಲವಾಗಿತ್ತು. ಆಳ ನಾನೂರು ಅಡಿ. ಆ ವರ್ಷವೇ, ಉತ್ತರದ ಕಡೆ ಎಲ್ಲೋ ಇಂಥದ್ದೇ ಕುಳಿಗೆ ಬಿದ್ದ ಮಗುವನ್ನು ಟಿ.ವಿ.ಯಲ್ಲಿ ಊರೆಲ್ಲ ಕೂತು ನೋಡಿತ್ತು.

ಮಕ್ಕಳನ್ನು ಪಾತಮ್ಮನಿಗೆ ಬಿಟ್ಟು ಸರ್ವಮಂಗಳ ಓಡಿದಳು. ಚಪ್ಪಲಿ ಎಲ್ಲಿ ಕಳಚಿತೋ ತಿಳಿಯಲಿಲ್ಲ. ಜಟಿಂಗ ರಾಮೇಶ್ವರ ಬೆಟ್ಟದ ಕಡೆಯಿಂದ ಗಾಳಿ ಬೀಸುತ್ತಿತ್ತು. ಆ ಗಾಳಿಯಲ್ಲಿ ಸಣ್ಣ ದನಿಯೊಂದು ತುಂಡುತುಂಡಾಗಿ ಕೇಳಿಸಿತು. ಬಾಗಿಲು ತೆಗಿ. ಹೊಟ್ಟೆ ಹಸಿದಿದೆ. ಜೀವ ಇದೆ ಎಂಬ ಸಮಾಧಾನಕ್ಕಿಂತ ಮೊದಲು ಆ ದನಿಯೇ ಅವಳನ್ನು ನಡುಗಿಸಿತು. ಮಗು ಕೂಗಿದ ಮೇಲೆ ಇನ್ನೊಂದು ದನಿ, ಮಂದವಾಗಿ, ನೆಲದೊಳಗಿಂದ ಅದೇ ಮಾತನ್ನು ಹೇಳುತ್ತಿತ್ತು.

ಗೋಣಿಚೀಲ ಪಕ್ಕಕ್ಕೆ ಸರಿದಿತ್ತು. ಕಲ್ಲನ್ನು ದನ ಕಾಯುವವರು ಯಾರೋ ಉರುಳಿಸಿರಬೇಕು. ರಶ್ಮಿತಾ ಬೋರಲು ಮಲಗಿ, ತಲೆ ಮತ್ತು ಎರಡೂ ಭುಜ ಕುಳಿಯೊಳಗೆ ಬಿಟ್ಟಿದ್ದಳು. ಪುಸ್ತಕ ಅವಳ ಮೊಣಕಾಲಿನ ಹತ್ತಿರ ತೆರೆದು ಬಿದ್ದಿತ್ತು. ಅವಳು ಅಲುಗಿದಾಗಲೆಲ್ಲ ಎದೆಯಡಿಯ ಮಣ್ಣು ಪುರಪುರನೆ ಉದುರಿ ಒಳಗೆ ಹೋಗುತ್ತಿತ್ತು.

ಹದಿನೈದು ಹೆಜ್ಜೆ ದೂರದಲ್ಲಿ ಸರ್ವಮಂಗಳ ನಿಂತುಬಿಟ್ಟಳು. ಓಡಿದರೆ ಮಣ್ಣು ಕುಸಿಯುತ್ತದೆ. ಕಿರುಚಿದರೆ ಮಗು ಬೆಚ್ಚುತ್ತದೆ. ಬಾ ಎಂದು ಕರೆದರೆ ಬರುವುದಿಲ್ಲ, ಅದು ಬಂದಿರುವುದೇ ಒಳಗೆ ಹೋಗಲು.  ಅವಳು ನೆಲದ ಮೇಲೆ ಕೂತಳು. ದಿನಾ ಚಾಪೆಯ ಮೇಲೆ ಕೂತು ಓದುವ ದನಿಯನ್ನು ಹೇಗೋ ಗಂಟಲಿಗೆ ತಂದುಕೊಂಡಳು.

"ಒಂದೂರಲ್ಲಿ ಒಬ್ಬಳು ಇಲಿಯಜ್ಜಿ. ಒಂದು ದಿನ ಇಲಿಯಜ್ಜಿ ಒಲೆ ಹಚ್ಚಿ ಉಪ್ಪಿಟ್ಟು ಮಾಡಿದಳು."

ಕೂಗು ನಿಂತಿತು. ಕುಳಿಯೊಳಗಿಂದಲೇ ರಶ್ಮಿತಾ ಅಂದಳು, "ಉಪ್ಪಿಟ್ಟಲ್ಲ. ಪಾಯಸ."

"ಅಲ್ಲ ಕಣೇ, ಉಪ್ಪಿಟ್ಟು. ಪುಸ್ತಕದಾಗೆ ಹಂಗೇ ಬರದೈತೆ."

"ಪಾಯಸ. ಬೆಲ್ಲದ್ದು."

"ನಂಗೆ ನೆನಪಿಲ್ಲವ್ವ. ಎಲ್ಲಿ, ಆ ಪುಟ ತೋರ್ಸು ನೋಡಾನ."

ಮಗು ಅಲುಗಿತು. ಒಂದು ಹಿಡಿ ಮಣ್ಣು ಜಾರಿ ಒಳಗೆ ಹೋಯಿತು. ಭುಜವೊಂದು ಮೇಲೆ ಬಂತು, ಆಮೇಲೆ ಮತ್ತೊಂದು. ತಲೆಯಲ್ಲೆಲ್ಲ ಕೆಂಪು ಮಣ್ಣು. ಅವಳು ತಿರುಗಿ ನೋಡಿದಳು, ಮತ್ತೆ ಕುಳಿಯ ಕಡೆ ನೋಡಿದಳು. "ಅಜ್ಜಿ ಓ ಅಂತೈತೆ ಟೀಚರ್" ಎಂದಳು.

ಸರ್ವಮಂಗಳ ಉಗುರುಗಳನ್ನು ನೆಲಕ್ಕೆ ಊರಿದಳು. "ಮೊದ್ಲು ಪುಟ ತೋರ್ಸು. ಪುಸ್ತಕ ತಗಂಡು ಮೆಲ್ಲಗೆ ಬಾ. ತಪ್ಪು ಓದಿದ್ರೆ ಅಜ್ಜಿಗೆ ಬೇಜಾರಾಗ್ತೈತೆ."

ರಶ್ಮಿತಾ ಪುಸ್ತಕ ಎತ್ತಿಕೊಂಡಳು. ಹಿಂದಕ್ಕೆ ತೆವಳಿ ಎದ್ದು ನಿಂತಳು. ಪುಟ ಹುಡುಕುತ್ತ, ಬೆರಳಿಟ್ಟುಕೊಂಡು, ಒಂದೊಂದೇ ಹೆಜ್ಜೆ ಬಂದಳು. ಹತ್ತಿರ ಬಂದವಳ ಎರಡೂ ತೋಳನ್ನು ಸರ್ವಮಂಗಳ ಹಿಡಿದುಕೊಂಡಳು. ಮಗುವನ್ನು ಎದೆಗೆ ಅವುಚಿಕೊಂಡಳು. "ನೋಡು, ಪಾಯಸ" ಎಂದು ರಶ್ಮಿತಾ ಪುಟ ತೋರಿಸುತ್ತಲೇ ಇದ್ದಳು.

ಸುದ್ದಿ ತಿಳಿದು ಉಚ್ಚಂಗೆಮ್ಮ ಶೇಂಗಾ ಹೊಲದಿಂದ ಓಡಿ ಬಂದಳು. ಮಣ್ಣಿನ ಕೈಯಲ್ಲೇ ಮಗಳ ಮೈಯೆಲ್ಲ ತಡವಿ ನೋಡಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಸರ್ವಮಂಗಳಗೆ.

"ಉಚ್ಚಂಗೆಮ್ಮ, ಜೋರಾಗಿ ಕರೆದ್ರೆ ಅಜ್ಜಿಗೆ ಕೇಳಿಸ್ತೈತೆ ಅಂತ ಹೇಳಿದ್ದೇ ನಾನು. ಪುಸ್ತಕ ಆರಿಸಿ ತಂದಿದ್ದೂ ನಾನೇ."

ಉಚ್ಚಂಗೆಮ್ಮ ಮಗಳ ತಲೆಯ ಮಣ್ಣು ಕೊಡವಿದಳು. ಆಮೇಲೆ ಅಂದಳು, "ಮನೇಲೂ ನೆಲಕ್ಕೆ ಕಿವಿ ಇಟ್ಕಂಡು ಮಲಗ್ತಿತ್ತು ಟೀಚರ್. ಸೆಖೆಗೆ ಅಂತ ಸುಮ್ನಿದ್ದೆ. ಸತ್ತೋರು ಬರಲ್ಲ ಅಂತ ಹೇಳಾಕೆ ನಂಗೇ ಬಾಯಿ ಬರ್ಲಿಲ್ಲ."

ಹೊತ್ತು ಇಳಿಯುವ ಮೊದಲೇ ದೊಡ್ಡಪಾಲಯ್ಯ ಟ್ರ್ಯಾಕ್ಟರ್‌ನಲ್ಲಿ ಕಲ್ಲು ತಂದು ಕುಳಿ ತುಂಬಿಸಲು ನಿಂತ. ಯಾರ ಮುಖವನ್ನೂ ನೋಡಲಿಲ್ಲ. ಮೊದಲ ಕಲ್ಲು ಬಿಟ್ಟಾಗ ನಿಂತವರೆಲ್ಲ ಉಸಿರು ಹಿಡಿದು ಕಿವಿಗೊಟ್ಟರು. ಕಲ್ಲು ಗೋಡೆಗೆ ಬಡಿಯುತ್ತ, ಬಡಿಯುತ್ತ, ದೂರ ದೂರ ಹೋಗಿ ಸದ್ದೇ ಇಲ್ಲವಾಯಿತು. ಉಚ್ಚಂಗೆಮ್ಮ ಮಗಳ ಕಿವಿ ಮುಚ್ಚಿದಳು. ಆ ಸಂಜೆಯೇ ಅವಳು ಮಗಳನ್ನು ಕೆಂಚಕ್ಕನನ್ನು ಮಣ್ಣು ಮಾಡಿದ ಬದುವಿಗೆ ಕರೆದೊಯ್ದು, ಮಣ್ಣಿನ ಮೇಲೆ ಕೈಯಿಡಿಸಿ, ಅಜ್ಜಿ ಇನ್ನು ಏಳುವುದಿಲ್ಲ, ಮಾತಾಡುವುದಿಲ್ಲ ಎಂದು ಹೇಳಿದಳು. ರಶ್ಮಿತಾ ಆಗ ಮೊದಲ ಸಲ ಅತ್ತಳು.

ಬೇಸಿಗೆಗೆ ಚಳ್ಳಕೆರೆಯಲ್ಲಿ ಮತ್ತೆ ಪುಸ್ತಕ ಹರಡಿದರು. ಸರ್ವಮಂಗಳ ಈ ಸಲ ರಟ್ಟು ನೋಡಿ ಎತ್ತಿಕೊಳ್ಳಲಿಲ್ಲ. ಒಂದರಲ್ಲಿ ಕೆರೆ, ಒಂದರಲ್ಲಿ ರೈಲು, ಒಂದರಲ್ಲಿ ಗುರುತಿಲ್ಲದವನ ಹಿಂದೆ ಹೋಗುವ ಮಗು. ಪ್ರತಿಯೊಂದನ್ನೂ ಕೊನೆಯವರೆಗೆ ಓದಿ ಪಕ್ಕಕ್ಕಿಡುತ್ತ ಹೋದಳು. "ಏನ್ರೀ, ಯಾವುದೂ ಆಗಲ್ವಾ ನಿಮಗೆ?" ಎಂದರು ಸೂಪರ್‌ವೈಸರ್. ಹೆದರಿಕೆ ಇಲ್ಲದ ಪುಸ್ತಕ ಆ ರಾಶಿಯಲ್ಲಿ ಒಂದೂ ಇರಲಿಲ್ಲ. ಕೊನೆಗೆ ಐದನ್ನು ಎತ್ತಿಕೊಂಡಳು, ಬಸ್ಸು ತಪ್ಪಿತು.

ಮರುದಿನ ಅವನ್ನು ಅಂಗನವಾಡಿಗೆ ಒಯ್ಯದೆ, ಮೊದಲು ಉಚ್ಚಂಗೆಮ್ಮನಿಗೆ ತೋರಿಸಲು ಅವಳ ಮನೆಗೆ ಹೋದಳು. ಉಚ್ಚಂಗೆಮ್ಮನಿಗೆ ಓದು ಬಾರದು. ಕೈ ಒರೆಸಿಕೊಂಡು ಒಂದೊಂದೇ ಚಿತ್ರ ನೋಡಿದಳು. ತಾಯಿಯೊಬ್ಬಳು ಬಸ್ ಹತ್ತುವ ಪುಟದಲ್ಲಿ ತಡೆದಳು.

"ಇವ್ಳು ವಾಪಸ್ ಬರ್ತಾಳಾ?"

"ಬರ್ತಾಳೆ. ಕಡೇ ಪುಟದಾಗೆ."

"ಎಷ್ಟು ಪುಟ ಕಾಯಬೇಕು ಹುಡುಗ್ರು?"

ಸರ್ವಮಂಗಳ ಎಣಿಸಿದಳು. "ಒಂಬತ್ತು."

ಉಚ್ಚಂಗೆಮ್ಮ ಯೋಚಿಸಿದಳು. "ಮೊದ್ಲು ನಂಗೆ ಓದ್ರಿ" ಎಂದು ಗೋಡೆಗೆ ಒರಗಿ ಕೂತಳು.

ಸರ್ವಮಂಗಳ ಮೊದಲ ಪುಟ ತೆರೆದಳು.